ವಾಲಾ ಅನ್ನೋ ತಾಣ

ಇಸ್ರೇಲಿನ ಹೀಬ್ರೂ ಪೋರ್ಟಲ್ ಒಂದರ ಹೆಸರು 'ವಾಲಾ!'. ಅರಬ್ಬಿಯಿಂದ ಹೀಬ್ರೂ ಆಡುಮಾತಿಗೆ ಬಂದ ಪದ, ನಾವು 'ಹೌದಾ!' ಅಂತೀವಲ್ಲ, ಹಾಗೆ. ಪೋರ್ಟಲ್‌ಗೆ ಇದಕ್ಕಿಂತ ಒಳ್ಳೆ ಹೆಸರು ಬೇಕಾ?

1995ರಲ್ಲಿ ಅದು ಶುರುವಾದಾಗ ಬರೀ ಇಸ್ರೇಲಿ ಜಾಲತಾಣಗಳ ಪಟ್ಟಿ. ಆಗ ಹೀಬ್ರೂ ಓದೋದೇ ಒಂದು ಸರ್ಕಸ್. ಬಲದಿಂದ ಎಡಕ್ಕೆ ಬರೆಯೋ ಲಿಪಿ ಹಳೇ ಬ್ರೌಸರ್‌ಗಳಿಗೆ ಗೊತ್ತಿರಲಿಲ್ಲ, ಹಾಗಾಗಿ ಎಷ್ಟೋ ಪುಟಗಳಲ್ಲಿ ಅಕ್ಷರಗಳನ್ನೇ ತಿರುಗುಮುರುಗು ಮಾಡಿ ಸೇರಿಸಿಡುತ್ತಿದ್ದರು, ಕಿಟಕಿ ಸ್ವಲ್ಪ ಚಿಕ್ಕದು ಮಾಡಿದರೆ ಸಾಲು ಮುರಿದು ವಾಕ್ಯದ ಕೊನೆ ಮೇಲೆ, ಮೊದಲು ಕೆಳಗೆ! ಫಾಂಟ್ ಇಲ್ಲದೆ ಕನ್ನಡ ಪುಟದಲ್ಲಿ ಬರೀ ಗೀಟು, ಚಿಹ್ನೆ ನೋಡಿದ ನನಗೆ ಇದು ಓದಿ ನಗು ಬಂತು, ಪಾಪ ಅನ್ನಿಸ್ತು ಕೂಡ.

ಆಮೇಲೆ ಸುದ್ದಿ, ಇಮೇಲ್, ಎಲ್ಲ ಒಂದೇ ಸೂರಿನಡಿ ಬಂತು. 2000ದಲ್ಲಿ ಯೆದಿಯೋತ್ ಪತ್ರಿಕೆಯವರ ಸುದ್ದಿತಾಣ 'ವೈನೆಟ್' ಬಂದು ಪೈಪೋಟಿಯೂ ಜೋರಾಯ್ತು.

ವಾಲಾದ ತೂಕ ಎಷ್ಟು ಅಂತ ತಿಳಿಯೋಕೆ ಕೋರ್ಟಿಗೇ ಹೋಗಬೇಕು. ಅದರ ಒಡೆತನ ಬೆಝೆಕ್ ಟೆಲಿಫೋನ್ ಕಂಪನಿ ಕೈಲಿದ್ದಾಗ, ವಾಲಾದಲ್ಲಿ ತಮ್ಮ ಬಗ್ಗೆ ಒಳ್ಳೆ ಸುದ್ದಿ ಬರಲಿ ಅಂತ ಪ್ರಧಾನಿ ನೆತನ್ಯಾಹು ಕಂಪನಿಗೆ ಅನುಕೂಲ ಮಾಡಿಕೊಟ್ಟರು ಅನ್ನೋದು 'ಕೇಸ್ 4000'ರ ಆರೋಪ. ಅವರು ಒಪ್ಪಿಲ್ಲ. ವಿಚಾರಣೆ 2020ರಲ್ಲಿ ಶುರುವಾಯ್ತು. ಅದೇ ವರ್ಷ ಬೆಝೆಕ್ ವಾಲಾವನ್ನು ಜೆರುಸಲೇಮ್ ಪೋಸ್ಟ್ ಗುಂಪಿಗೆ ಮಾರಿಬಿಟ್ಟಿತು.