ಆಹಾರದ ಕಿಟ್ ಮತ್ತು ವೇದಿಕೆಯ ಫೋಟೋ

ಎಂಬಿಬಿಎಸ್ ಮುಗಿಸಿ ಆರೋಗ್ಯ ಇಲಾಖೆ ಸೇರಿದ ನನಗೆ ರೋಗಗಳ ಬಗ್ಗೆ ಹೇಳಿಕೊಟ್ಟ ಗುರುಗಳು ಹಲವರಿದ್ದರು. ಸಮಾರಂಭಗಳ ಬಗ್ಗೆ ಹೇಳಿಕೊಟ್ಟವರು ಒಬ್ಬರೂ ಇರಲಿಲ್ಲ. ಜಿಲ್ಲಾ ಕ್ಷಯರೋಗ ನಿಯಂತ್ರಣಾಧಿಕಾರಿಯಾಗಿದ್ದ ವರ್ಷಗಳಲ್ಲಿ ಆಹ್ವಾನ ಪತ್ರಿಕೆಯಲ್ಲಿ ಹೆಸರುಗಳ ಕ್ರಮ, ವೇದಿಕೆಯ ಕುರ್ಚಿಗಳ ಲೆಕ್ಕ, ಹಾರ ತುರಾಯಿಗಳ ಉಸ್ತುವಾರಿಗೆ ನನ್ನ ಎಷ್ಟೋ ದಿನಗಳು ಸಂದವು. ಇದು ವೈದ್ಯನ ಕೆಲಸವಲ್ಲ ಎಂದು ಗೊಣಗುತ್ತಾ ಎಲ್ಲವನ್ನೂ ಕಚೇರಿಯ ಸಿಬ್ಬಂದಿಗೆ ಒಪ್ಪಿಸಿಬಿಡುತ್ತಿದ್ದೆ. ತಪ್ಪು ನಡೆದದ್ದು ಆ ಉದಾಸೀನದಿಂದಲೇ.

2022ರ ಸೆಪ್ಟೆಂಬರ್ 9ರಂದು ರಾಷ್ಟ್ರಪತಿ ದ್ರೌಪದಿ ಮುರ್ಮು ಅವರು ಟಿಬಿ ಮುಕ್ತ ಭಾರತ ಅಭಿಯಾನಕ್ಕೆ ಚಾಲನೆ ನೀಡಿದ ಮೇಲೆ, 'ನಿಕ್ಷಯ್ ಮಿತ್ರ' ಎಂಬ ಹೆಸರಿನಲ್ಲಿ ದಾನಿಗಳು, ನೆರವು ಪಡೆಯಲು ಒಪ್ಪಿಗೆ ಕೊಟ್ಟ ರೋಗಿಗಳಿಗೆ ತಿಂಗಳು ತಿಂಗಳು ಧಾನ್ಯ, ಬೇಳೆ, ಎಣ್ಣೆಯ ಕಿಟ್ ಕೊಡುವ ವ್ಯವಸ್ಥೆ ಬಂತು. ಇದನ್ನು ಬರಿಯ ದಾನಧರ್ಮವೆಂದು ತಿಳಿಯಬಾರದು. ಮಂಗಳೂರಿನ ವೈದ್ಯಕೀಯ ಕಾಲೇಜೊಂದರಲ್ಲಿರುವ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ಅವರ ತಂಡ ಜಾರ್ಖಂಡ್‌ನಲ್ಲಿ ನಡೆಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ರೋಗಿಯ ಮನೆಮಂದಿಗೂ ಪೌಷ್ಟಿಕ ಆಹಾರ ಕೊಟ್ಟ ಕಡೆ ಅವರಲ್ಲಿ ಹೊಸದಾಗಿ ಕ್ಷಯ ಕಾಣಿಸಿಕೊಳ್ಳುವುದು ಶೇ 39ರಷ್ಟು ಕಡಿಮೆಯಾಗಿತ್ತು. ಹೀಗಿರುವಾಗ ಗಣ್ಯರೊಬ್ಬರು ವೇದಿಕೆಗೆ ಬಂದರೆ ಹತ್ತು ದಾನಿಗಳು ಮುಂದೆ ಬರುತ್ತಾರೆ ಎಂಬ ಲೆಕ್ಕಾಚಾರ ಸುಳ್ಳೇನೂ ಆಗಿರಲಿಲ್ಲ.

ನಮ್ಮ ಕಾರ್ಯಕ್ರಮದಲ್ಲಿ ಎಂಟು ರೋಗಿಗಳನ್ನು ಹೆಸರು ಕೂಗಿ ವೇದಿಕೆಗೆ ಕರೆದು ಕಿಟ್ ಕೊಡಿಸಲಾಯಿತು. ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದ ಒಬ್ಬ ಹೆಣ್ಣುಮಗಳು ಸೆರಗನ್ನು ಮೂಗಿನವರೆಗೆ ಎಳೆದುಕೊಂಡಿದ್ದಳು; ಫೋಟೋ ತೆಗೆಯುವವರು ಸೆರಗು ಸರಿಸುವಂತೆ ಹೇಳಿದಾಗ ಸರಿಸಿದಳು. ಮುಂದಿನ ಸಾಲಿನಲ್ಲಿದ್ದ ನಾನು ಚಪ್ಪಾಳೆ ತಟ್ಟಿದೆ. ಮರುದಿನ ಸ್ಥಳೀಯ ಪತ್ರಿಕೆಯಲ್ಲಿ ಆ ಚಿತ್ರ ಬಂತು. ಮರುವಾರ ಮಾತ್ರೆಗೆ ಅವಳು ಬರಲಿಲ್ಲ. ನಮ್ಮ ಚಿಕಿತ್ಸಾ ಮೇಲ್ವಿಚಾರಕರು ಹುಡುಕಿಕೊಂಡು ಹೋದಾಗ ಮನೆಗೆ ಬೀಗ ಬಿದ್ದಿತ್ತು. ಮನೆ ಮಾಲೀಕರು ಖಾಲಿ ಮಾಡಿಸಿದ್ದರಿಂದ ಅವಳು ತವರಿಗೆ ಹೋಗಿದ್ದಳು. ಅಲ್ಲಿ ಪತ್ತೆಯಾಗುವಷ್ಟರಲ್ಲಿ ಹದಿನೆಂಟು ದಿನಗಳ ಮಾತ್ರೆ ತಪ್ಪಿತ್ತು.

ಕಚೇರಿಗೆ ಬಂದು ಅವಳ ಒಪ್ಪಿಗೆ ಪತ್ರ ತೆಗೆಸಿ ನೋಡಿದೆ. ಅವಳು ಸಹಿ ಹಾಕಿದ್ದು ಆಹಾರ ಪಡೆಯುವುದಕ್ಕೆ. ವೇದಿಕೆಯ ಮಾತು ಅದರಲ್ಲಿ ಎಲ್ಲಿಯೂ ಇರಲಿಲ್ಲ. ಕಫ ಪರೀಕ್ಷೆಯ ಫಲಿತಾಂಶವನ್ನು ಪಕ್ಕದ ಮನೆಯವರಿಗೆ ಕೇಳದಂತೆ ತಗ್ಗಿದ ದನಿಯಲ್ಲಿ ಹೇಳಬೇಕೆಂದು ಆಶಾ ಕಾರ್ಯಕರ್ತೆಯರಿಗೆ ತರಬೇತಿ ಕೊಡುತ್ತಿದ್ದವನು ನಾನೇ.

ಅಲ್ಲಿಂದ ಮುಂದೆ ಸಮಾರಂಭದ ಕಡತವನ್ನು ಚಿಕಿತ್ಸೆಯ ಕಡತದಷ್ಟೇ ಗಮನವಿಟ್ಟು ನಾನೇ ನೋಡತೊಡಗಿದೆ. ವೇದಿಕೆಯ ಮೇಲೆ ದಾನಿಗಳನ್ನು ಮಾತ್ರ ಸನ್ಮಾನಿಸಿದೆವು, ಕಿಟ್‌ಗಳು ಏನೂ ಮುದ್ರಿಸದ ಸಾದಾ ಚೀಲಗಳಲ್ಲಿ ಮನೆ ತಲುಪಿದವು. ಮುಂದಿನ ಕಾರ್ಯಕ್ರಮಕ್ಕೆ ಬಂದ ಗಣ್ಯರು "ರೋಗಿಗಳೆಲ್ಲಿ ಡಾಕ್ಟ್ರೇ?" ಎಂದು ಕೇಳಿದಾಗ ಪಕ್ಕದಲ್ಲಿದ್ದ ಅಧಿಕಾರಿಗಳು ನನ್ನನ್ನು ಕಣ್ಣಲ್ಲೇ ಗದರಿದರು. ನಾನು ಕಾರಣ ಹೇಳಿ, ಅವರನ್ನು ಪ್ರಯೋಗಾಲಯಕ್ಕೆ ಕರೆದೊಯ್ದು ಸೂಕ್ಷ್ಮದರ್ಶಕದಲ್ಲಿ ನೀಲಿ ಹಿನ್ನೆಲೆಯ ಮೇಲಿನ ಕೆಂಪು ಕಡ್ಡಿಗಳಂಥ ಕ್ರಿಮಿಗಳನ್ನು ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು. ಪತ್ರಿಕೆಯವರಿಗೆ ಆ ಚಿತ್ರವೂ ಸಾಕಾಯಿತು.

ಆ ಹೆಣ್ಣುಮಗಳು ತವರಿನಲ್ಲೇ ಚಿಕಿತ್ಸೆ ಮುಂದುವರಿಸಿದಳು. ಕೊನೆಯ ಕಫ ಪರೀಕ್ಷೆಗೆ ನಮ್ಮಲ್ಲಿಗೆ ಬಂದ ದಿನ ಬಾಗಿಲಲ್ಲೇ ನಿಂತು ಒಳಗೆಲ್ಲ ಕಣ್ಣಾಡಿಸಿ ಕೇಳಿದಳು: "ಇವತ್ತು ಫೋಟೋ ತೆಗೆಯೋರು ಯಾರೂ ಇಲ್ಲ ಅಲ್ವಾ ಸಾರ್?"