ರಾಮೋನ್ಸ್: ಜಾನಿಯ ಬಲಗೈ ಕೇಳುವ ಆಲ್ಬಂ ಯಾವುದು?

ಕಾರವಾರದ ಟಾಗೋರ್ ಕಡಲತೀರದಲ್ಲಿ ಸಂಜೆ ಕೂತರೂ ಅಷ್ಟೇ, ಶಿರಸಿಯ ಚಾದಂಗಡಿ ಬೆಂಚಿನ ಮೇಲೆ ಕೂತರೂ ಅಷ್ಟೇ, ನ್ಯೂಯಾರ್ಕಿನ ಪಂಕ್ ಬ್ಯಾಂಡು ರಾಮೋನ್ಸ್ ಮಾತು ಬಂತೆಂದರೆ ವಾದ ಎರಡು ಆಲ್ಬಂಗಳ ಹತ್ತಿರ ಬಂದು ನಿಲ್ಲುತ್ತದೆ. ಒಂದು 1981ರ ‘ಪ್ಲೆಸೆಂಟ್ ಡ್ರೀಮ್ಸ್’, ಇನ್ನೊಂದು 1984ರ ‘ಟೂ ಟಫ್ ಟು ಡೈ’. 1976ರಿಂದ 1995ರವರೆಗೆ ಈ ಬ್ಯಾಂಡು ಹದಿನಾಲ್ಕು ಸ್ಟುಡಿಯೋ ಆಲ್ಬಂ ತಂದಿದೆ. ಮೊದಲ ನಾಲ್ಕರ ಬಗ್ಗೆ ಯಾರದೂ ತಕರಾರಿಲ್ಲ. ಉಳಿದ ಹತ್ತರಲ್ಲಿ ತಕ್ಕ ಮರ್ಯಾದೆ ಸಿಗದೇ ಹೋದದ್ದು ಯಾವುದು ಎಂಬುದೇ ಜಗಳ.

ಇದಕ್ಕೆ ನನ್ನ ಅಳತೆಗೋಲು ಒಂದೇ: ಗಿಟಾರ್ ವಾದಕ ಜಾನಿ ರಾಮೋನ್‌ನ ಬಲಗೈ ಕೇಳುತ್ತದೆಯೋ ಇಲ್ಲವೋ.

ಆ ಕೈ ಏನು ಮಾಡುತ್ತಿತ್ತು ಎಂದು ತಿಳಿಯಲು ಮೊದಲ ಆಲ್ಬಂ ಸಾಕು. ಅದರ ಮೂಲ ಸ್ಟೀರಿಯೋ ಮಿಕ್ಸ್‌ನಲ್ಲಿ ಬೇಸ್ ಪೂರ್ತಿ ಎಡಕ್ಕೆ, ಗಿಟಾರ್ ಪೂರ್ತಿ ಬಲಕ್ಕೆ. ಎಡಗಿವಿಯ ಇಯರ್‌ಫೋನ್ ತೆಗೆದರೆ ಜಾನಿಯ ಗಿಟಾರ್, ಬಲದ್ದು ತೆಗೆದರೆ ಡೀ ಡೀಯ ಬೇಸ್. ದಾರಿಯಲ್ಲಿ ಒಂದೇ ಕಿವಿಗೆ ಸಿಕ್ಕಿಸಿಕೊಂಡು ಕೇಳಿ ‘ಗಿಟಾರೇ ಇಲ್ಲವಲ್ಲ’ ಎನ್ನುವವರು ಕೇಳಿರುವುದು ಅರ್ಧ ಬ್ಯಾಂಡನ್ನು. 2016ರಲ್ಲಿ ನಲವತ್ತನೇ ವರ್ಷದ ನೆಪದಲ್ಲಿ ಬಂದ ಆವೃತ್ತಿಯಲ್ಲಿ ಎರಡೂ ಕಿವಿಗೆ ಒಂದೇ ಸದ್ದು ಕೊಡುವ ಮೋನೋ ಮಿಕ್ಸ್ ಕೂಡ ಇದೆ, ಅದರಲ್ಲಿ ಈ ಉಪಾಯ ನಡೆಯುವುದಿಲ್ಲ.

ಬಲಗಿವಿಯಲ್ಲಿ ಕೇಳುವುದು ಬರೀ ಕೆಳಮುಖದ ಹೊಡೆತ. ‘ಬ್ಲಿಟ್ಜ್‌ಕ್ರೀಗ್ ಬಾಪ್’ ನಿಮಿಷಕ್ಕೆ ಸುಮಾರು 175 ಬೀಟ್‌ನಲ್ಲಿ ಓಡುತ್ತದೆ. ಬೀಟಿಗೆ ಎರಡು ಹೊಡೆತ, ಅಂದರೆ ಸೆಕೆಂಡಿಗೆ ಆರು ಹತ್ತಿರ. ತಂತಿ ಮೀಟುವ ಪಿಕ್ ಮೇಲೆ ಹೋಗುವಾಗ ತಂತಿಗೆ ತಾಗುವುದಿಲ್ಲ. ಮೇಲೆ-ಕೆಳಗೆ ಎರಡೂ ಕಡೆ ಹೊಡೆದರೆ ಕೈಗೆ ಸುಲಭ, ಆದರೆ ನಾದ ಬೇರೆಯಾಗುತ್ತದೆ. ಕೆಳಮುಖದಲ್ಲಿ ಪಿಕ್ ಮೊದಲು ದಪ್ಪ ತಂತಿಗೆ ಬೀಳುತ್ತದೆ, ಮೇಲ್ಮುಖದಲ್ಲಿ ಸಣ್ಣ ತಂತಿಗೆ. ಹಾಗಾಗಿ ಎರಡನ್ನೂ ಬೆರೆಸಿದರೆ ಒಂದು ಹೊಡೆತ ಭಾರ, ಮುಂದಿನದು ಹಗುರ. ರಾಮೋನ್ಸ್ ಸದ್ದಿನಲ್ಲಿ ಆ ಏರಿಳಿತ ಇರಲೇಬಾರದು.

ನುಡಿಸಿ ನೋಡುವವರು ಎ, ಡಿ, ಇ ಮೂರು ಬಾರ್ ಕಾರ್ಡ್ (ಒಂದು ಬೆರಳನ್ನು ತಂತಿಗಳಿಗೆ ಅಡ್ಡ ಒತ್ತಿ ಹಿಡಿಯುವುದು) ಹಿಡಿದು, ತಾಳ ಹಾಕುವ ಮೆಟ್ರೊನೋಮ್ 120ಕ್ಕೆ ಇಟ್ಟು ಶುರು ಮಾಡಿ. ಎರಡು ನಿಮಿಷ ನಿಲ್ಲಿಸದೇ ಬಂದರೆ ಐದು ಏರಿಸಿ. ಮುಂಗೈ ಕಲ್ಲಿನಂತಾಗುತ್ತಿದ್ದರೆ ಮೊಣಕೈಯಿಂದ ಹೊಡೆಯುತ್ತಿದ್ದೀರಿ ಎಂದರ್ಥ, ಮಣಿಕಟ್ಟಿಗೆ ಬನ್ನಿ. ಪಿಕ್‌ನ ತುದಿ ನಾಲ್ಕೈದು ಮಿಲಿಮೀಟರ್ ಮಾತ್ರ ಹೊರಗಿರಲಿ, ಹೆಚ್ಚಾದರೆ ತಂತಿಗೆ ಸಿಕ್ಕಿ ತಡವಾಗುತ್ತದೆ. ನಮ್ಮ ಕರಾವಳಿಯಲ್ಲಿ ಇನ್ನೊಂದು ಕಾಟ ತುಕ್ಕು. ಉಪ್ಪುಗಾಳಿ, ಮಳೆಗಾಲದ ಥಂಡಿ, ಕೈ ಬೆವರು ಸೇರಿದರೆ ತಂತಿ ಬೇಗ ಒರಟಾಗುತ್ತದೆ, ಶ್ರುತಿಯೂ ನಿಲ್ಲುವುದಿಲ್ಲ. ನುಡಿಸಿ ಮುಗಿದ ಕೂಡಲೇ ಒಣ ಹತ್ತಿಬಟ್ಟೆಯನ್ನು ತಂತಿಯಡಿಗೆ ತೂರಿಸಿ ಕೆಳಮೈಯನ್ನೂ ಒರೆಸಬೇಕು, ತುಕ್ಕು ಹಿಡಿಯುವುದು ಅಲ್ಲಿಂದಲೇ.

ಈಗ ಆಲ್ಬಂಗಳಿಗೆ ಬರೋಣ. 1980ರ ‘ಎಂಡ್ ಆಫ್ ದಿ ಸೆಂಚುರಿ’ ನಿರ್ಮಾಪಕ ಫಿಲ್ ಸ್ಪೆಕ್ಟರ್ ಕೈಯದು. ಅಮೆರಿಕದ ಪಟ್ಟಿಯಲ್ಲಿ 44ನೇ ಸ್ಥಾನಕ್ಕೆ ಏರಿತು, ಅವರ ಯಾವ ಆಲ್ಬಮ್ಮೂ ಅದಕ್ಕಿಂತ ಮೇಲೆ ಹೋಗಲಿಲ್ಲ. ಹಾಗಾಗಿ ಅದನ್ನು ಕಡೆಗಣಿಸಿದರು ಎನ್ನಲಾಗದು.

‘ಪ್ಲೆಸೆಂಟ್ ಡ್ರೀಮ್ಸ್’ ಪಕ್ಷದವರ ಮಾತಿನಲ್ಲಿ ತೂಕವಿದೆ. ಹನ್ನೆರಡು ಹಾಡಿನಲ್ಲಿ ಏಳು ಗಾಯಕ ಜೋಯಿಯದು, ಐದು ಡೀ ಡೀಯದು. ‘ವಿ ವಾಂಟ್ ದಿ ಏರ್‌ವೇವ್ಸ್’, ‘ಶೀ ಈಸ್ ಎ ಸೆನ್ಸೇಷನ್’ ಎರಡನ್ನೂ ಕೇಳಿ. ಜೋಯಿ ರಾಗ ಕಟ್ಟುವುದರಲ್ಲಿ ಎಷ್ಟು ಪಳಗಿದ್ದ ಎಂದು ತಿಳಿಯುತ್ತದೆ. ಆದರೆ ನಿರ್ಮಾಪಕ 10ಸಿಸಿ ಬ್ಯಾಂಡಿನ ಗ್ರಹಾಂ ಗೌಲ್ಡ್‌ಮನ್. ಅವನಿಗೆ ಹಿಮ್ಮೇಳದ ಕಂಠಗಳು ಮುಖ್ಯ. ಗಿಟಾರ್ ಅಂಚು ಸವೆದು ಹಿಂದೆ ಸರಿದಿದೆ. ಹಾಡುಗಳು ಒಳ್ಳೆಯವು, ಕೈ ಮಾತ್ರ ಕೇಳುವುದಿಲ್ಲ.

‘ಟೂ ಟಫ್ ಟು ಡೈ’ಯಲ್ಲಿ ಆ ಕೈ ವಾಪಸ್ ಬಂತು. 1983ರಲ್ಲಿ ಬೀದಿ ಜಗಳದಲ್ಲಿ ಜಾನಿಯ ತಲೆಬುರುಡೆ ಒಡೆದು ಶಸ್ತ್ರಚಿಕಿತ್ಸೆ ಆಗಿತ್ತು. ‘ಸಾಯದಷ್ಟು ಗಟ್ಟಿ’ ಎಂಬ ಹೆಸರಿನ ಹಿಂದೆ ಆ ಪೆಟ್ಟಿದೆ. ಹಳೆಯ ಡ್ರಮ್ಮರ್ ಟಾಮಿ ಮತ್ತು ಎಡ್ ಸ್ಟೇಸಿಯಂ ಮತ್ತೆ ನಿರ್ಮಾಪಕರಾಗಿ ಕೂತರು. ಡ್ರಮ್ಸ್‌ಗೆ ಹೊಸಬ ರಿಚೀ. ಅವನ ಹೊಡೆತ ಅವನಿಗಿಂತ ಮೊದಲಿದ್ದ ಮಾರ್ಕಿಗಿಂತ ಅವಸರದ್ದು, ಜಾನಿಯನ್ನು ಮುಂದಕ್ಕೆ ತಳ್ಳುತ್ತದೆ. ‘ವಾರ್ಟ್ ಹಾಗ್’, ‘ಎಂಡ್‌ಲೆಸ್ ವೆಕೇಷನ್’ ಎರಡನ್ನು ಡೀ ಡೀ ತಾನೇ ಕಿರುಚಿ ಹಾಡಿದ್ದಾನೆ. ಆ ಹೊತ್ತಿಗೆ ಹಾರ್ಡ್‌ಕೋರ್ ಎಂಬ ಇನ್ನೂ ಬಿರುಸಿನ ಪಂಕ್‌ನ ಹುಡುಗರು ಇವರಿಗಿಂತ ವೇಗವಾಗಿ ನುಡಿಸುತ್ತಿದ್ದರು, ಈ ಎರಡು ಹಾಡು ಅವರಿಗೆ ಕೊಟ್ಟ ಉತ್ತರ.

ಒಂದು ಹಾಡು ಮಾತ್ರ ಹೊರತು. ಯುರಿತ್ಮಿಕ್ಸ್ ಬ್ಯಾಂಡಿನ ಡೇವ್ ಸ್ಟೀವರ್ಟ್ ಮಾಡಿಸಿದ ‘ಹೌಲಿಂಗ್ ಅಟ್ ದಿ ಮೂನ್’ನಲ್ಲಿ ಕೀಬೋರ್ಡ್ ಎದ್ದು ಕೇಳುತ್ತದೆ. ಹಾಡು ಚೆನ್ನಾಗಿಯೇ ಇದೆ. ಆದರೆ ಸಿಂಗಲ್ ಅಂತ ಇದನ್ನೇ ಮೊದಲು ಕೇಳಿದವರು ಇಡೀ ಆಲ್ಬಂ ಹೀಗೇ ಎಂದುಕೊಂಡು ಬಿಟ್ಟುಬಿಡುತ್ತಾರೆ. ಇದು ಬಿ ಬದಿಯ ಮೊದಲ ಹಾಡು, ಅದರ ಸರದಿ ಬರುವವರೆಗೆ ಕಾಯಿರಿ.

ಕುಮಟಾದಿಂದ ಶಿರಸಿಗೆ ಬಸ್ಸಿನಲ್ಲಿ ಹೋಗುವವರು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ, ದೇವಿಮನೆ ಘಾಟ್‌ನಲ್ಲಿ ನೆಟ್‌ವರ್ಕ್ ನಂಬಿ ಕೂರಬಾರದು. 29 ನಿಮಿಷದ ಮೊದಲ ಆಲ್ಬಂ, ಆಮೇಲೆ ‘ಪ್ಲೆಸೆಂಟ್ ಡ್ರೀಮ್ಸ್’, ಕೊನೆಗೆ ‘ಟೂ ಟಫ್ ಟು ಡೈ’. ಬಸ್ಸಿನ ಇಂಜಿನ್ ಬೇಸನ್ನು ನುಂಗುತ್ತದೆ, ಗಿಟಾರ್ ಉಳಿಯುತ್ತದೆ, ನಮ್ಮ ಕೆಲಸಕ್ಕೆ ಅಷ್ಟು ಸಾಕು. ಮೂರನೆಯದರ ನಾಲ್ಕನೇ ಹಾಡು ‘ಡುರಾಂಗೋ 95’ ಬಂದಾಗ ವಾಲ್ಯೂಮ್ ಸ್ವಲ್ಪ ಏರಿಸಿ. ಮಾತಿಲ್ಲ, ಕಂಠವಿಲ್ಲ, ಒಂದು ನಿಮಿಷವೂ ಇಲ್ಲ. ಮುಂದಿನ ವರ್ಷಗಳಲ್ಲಿ ಅವರ ಕಛೇರಿ ಶುರುವಾಗುತ್ತಿದ್ದುದೇ ಇದರಿಂದ.