ಪವರ್ ಹೋಯ್ತು, ಸ್ಟಿಯರಿಂಗ್ ಉಳೀತು

ಹಳೇ ಕಾರಿನ ಪವರ್ ಸ್ಟಿಯರಿಂಗ್ ಕೊನೆಗೂ ತೆಗೆಸಿಬಿಟ್ಟೆ. ಇಂಜಿನ್ ಬೆಲ್ಟ್‌ನಿಂದ ಓಡುವ ಅದರ ಎಣ್ಣೆ ಪಂಪು ಸೋರಿ ಸೋರಿ ಸಾಕಾಗಿತ್ತು. ಪುಣೆ ಹತ್ತಿರದ ಭೋಸರಿಯ ಗ್ಯಾರೇಜಿನ ಮೆಕ್ಯಾನಿಕ್ ನಮ್ಮ ವಿಜಯಪುರ ಕಡೆಯವರು. "ಬರೇ ಬೆಲ್ಟ್ ಬಿಚ್ಚಿದ್ರ ಆಗಂಗಿಲ್ರಿ ಸರ, ರ್‍ಯಾಕ್‌ನ್ಯಾಗಿನ ಎಣ್ಣಿ ತಡೀತದ" ಅಂದರು. ನಿಜ. ರ್‍ಯಾಕ್ ಅಂದ್ರೆ ಸ್ಟಿಯರಿಂಗ್ ಸುತ್ತಿದ್ದನ್ನು ಚಕ್ರಗಳಿಗೆ ಮುಟ್ಟಿಸುವ ಹಲ್ಲಿನ ಸರಳು. ಪವರ್ ರ್‍ಯಾಕ್ ಒಳಗೆ ಪಿಸ್ಟನ್ ಇರುತ್ತದೆ. ಪಂಪು ನಿಂತರೆ ಪ್ರತಿ ತಿರುವಿಗೂ ಆ ಎಣ್ಣೆಯನ್ನು ನಾವೇ ತಳ್ಳಬೇಕು. ಅದಕ್ಕೇ ಗುಜರಿಯಿಂದ ಮ್ಯಾನ್ಯುಯಲ್ ರ್‍ಯಾಕ್ ತಂದು ಕೂರಿಸಿದರು. ಈಗ ಸ್ಟಿಯರಿಂಗ್ ಸುತ್ತುವುದು ಜಾಸ್ತಿ. ಓಡುವಾಗ ಪರವಾಗಿಲ್ಲ, ಹಗುರ. ರಸ್ತೆಯ ಒಂದೊಂದು ಹಳ್ಳವೂ ನೇರ ಅಂಗೈಗೇ ಬರುತ್ತದೆ, ಅದೊಂಥರಾ ಖುಷಿ. ಆದ್ರೆ ಪುಣೆಯ ತುಳಶೀಬಾಗ್ ಮಾರ್ಕೆಟ್ ಹತ್ರ ಪಾರ್ಕಿಂಗ್ ಅಂದ್ರೆ ಭುಜಾನ ಕೇಳಬೇಕು! ಇಷ್ಟು ವರ್ಷ ಈ ಭಾರ ಇಂಜಿನ್ ಸುಮ್ನೆ ಹೊತ್ತಿತ್ತಲ್ವಾ? ಮಗಳು ಮಾತ್ರ, "ಅಪ್ಪಾ, ಇನ್ನು ಜಿಮ್ ಫೀಸ್ ಉಳೀತು" ಅಂತಾಳೆ.